ಅಳೆದ ಮದ್ದಿಗೆ ಕೊಸರಿಲ್ಲ

"ಅಷ್ಟೇನಾ ಗೌರಮ್ಮ? ಕೊಸರು ಹಾಕದೇನೇ ಏಳ್ತಿದ್ದೀಯಲ್ಲ!"

"ಏಳ್ತಿರೋದೆಲ್ಲಿ ಬಂತು ಅಮ್ಮೋರೆ, ಏಳೋಕಾದ್ರೆ ತಾನೆ!"

ಗೇಟಿನ ಮುಂದೆ ಪಾತ್ರೆ ಹಿಡಿದು ನಿಂತಿದ್ದ ಸೀತಮ್ಮನವರು ನಗಲು ಹೋದವರು, ಗೌರಮ್ಮನ ಮುಖ ನೋಡಿ ಪಾತ್ರೆ ಕೆಳಗಿಳಿಸಿದರು. ಗೌರಮ್ಮ ಹಸುವಿನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದಳು. ಒಂದು ಕೈಯಲ್ಲಿ ಹಾಲಿನ ತಂಬಿಗೆ, ಇನ್ನೊಂದು ಕೈ ಗೇಟಿನ ಸರಳಿನ ಮೇಲೆ. ಒಂದು ಸಲ ಎದ್ದಂತೆ ಮಾಡಿದಳು, ಕೂತಳು. ಇನ್ನೊಂದು ಸಲ ಎದ್ದಂತೆ ಮಾಡಿದಳು, ಮತ್ತೆ ಕೂತಳು. ಎಡಮಂಡಿಯೊಳಗೆ ಯಾರೋ ಮರಳು ಸುರಿದು ಅರೆಯುತ್ತಿದ್ದ ಹಾಗಿತ್ತು.

ಅಷ್ಟು ನೋವಿನಲ್ಲೂ ಅವಳು ಕೊಸರು ಮರೆಯಲಿಲ್ಲ. ಅಳತೆಯ ಪಾವು ಮುಗಿದ ಮೇಲೆ ಕೊಳ್ಳುವವರ ಸಮಾಧಾನಕ್ಕೆ ಹಾಕುವ ಆ ಒಂದು ಗುಟುಕನ್ನು ಕೂತಲ್ಲಿಂದಲೇ ಕೈ ಚಾಚಿ ಸೀತಮ್ಮನವರ ಪಾತ್ರೆಗೆ ಬಗ್ಗಿಸಿದಳು. ಕೊಸರು ಹಾಕದ ವ್ಯಾಪಾರ ವ್ಯಾಪಾರವೇ ಅಲ್ಲ ಎನ್ನುವುದು ಅವಳ ಅತ್ತೆ ಕಲಿಸಿದ ಪಾಠ.

ಗೌರಮ್ಮ ಚಿಕ್ಕಲಸಂದ್ರದವಳು. ದಿನಾ ಕೋಳಿ ಕೂಗುವ ಹೊತ್ತಿಗೆ ಎದ್ದು, ಕೆಂಪಿ ಎಂಬ ಹಸುವನ್ನೂ ಅದರ ಕರುವನ್ನೂ ಹೊಡೆದುಕೊಂಡು, ಕದಿರೇನಹಳ್ಳಿ ಹೊಲಗಳ ದಾರಿ ಹಿಡಿದು, ಯಡಿಯೂರು ಕೆರೆ ಏರಿ ದಾಟಿ ಜಯನಗರಕ್ಕೆ ಬರುತ್ತಾಳೆ. ನಾಲ್ಕು ಮನೆಗೆ ವರ್ತನೆ ಹಾಲು, ಅಂದರೆ ದಿನಾ ತಪ್ಪದೆ ಕೊಡುವ ಹಾಲು. ಜಯನಗರದವರಿಗೆ ತಂದುಕೊಟ್ಟ ಹಾಲಿನ ಮೇಲೆ ನಂಬಿಕೆಯಿಲ್ಲ. ಹಸುವೇ ಬಾಗಿಲಿಗೆ ಬರಬೇಕು, ಖಾಲಿ ತಂಬಿಗೆಯನ್ನು ಬೋರಲು ಹಾಕಿ ತೋರಿಸಬೇಕು, ಕಣ್ಣೆದುರೇ ಕರೆಯಬೇಕು. ನಾಲ್ಕು ಮನೆ ಎಂದರೆ ನಾಲ್ಕು ಸಲ ಕೂರಬೇಕು, ನಾಲ್ಕು ಸಲ ಏಳಬೇಕು. ಹನ್ನೆರಡು ವರ್ಷ ಹೀಗೆ ಕೂತೆದ್ದ ಮಂಡಿ ಈಗ ಮುಷ್ಕರ ಹೂಡಿತ್ತು.

ಪಕ್ಕದ ಮನೆಯಿಂದ ವಾರಿಜಾ ಓಡಿಬಂದಳು. ಅದೇ ರಸ್ತೆಯ ಕೊನೆಯಲ್ಲಿ ಡಾಕ್ಟರ್ ವೆಂಕಟಾಚಲ ಅವರ ಷಾಪಿನಲ್ಲಿ ಅವಳು ನರ್ಸು. ಗೌರಮ್ಮನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ ನಿಲ್ಲಿಸಿದಳು.

"ಎಷ್ಟು ದಿನದಿಂದ ಹೀಗೆ ಗೌರಮ್ಮ?"

"ಗೌರಿ ಹಬ್ಬದಿಂದ ಜಾಸ್ತಿ ನರ್ಸಮ್ಮ. ಎಣ್ಣೆ ಹಚ್ಚಿದ್ದಾಯ್ತು, ಎಕ್ಕದ ಎಲೆ ಕಟ್ಟಿದ್ದಾಯ್ತು, ಮಂಡಿಗೆ ಬೈದಿದ್ದೂ ಆಯ್ತು."

"ಬೈದಿದ್ದಕ್ಕೆ ಏನಂತು?"

"ಕಟಕ್ ಅಂತು!"

ಮೂವರೂ ನಕ್ಕರು. ಆದರೆ ಗೌರಮ್ಮನ ನಗೆ ಬೇಗ ಆರಿತು. ಅವಳು ಕೆಂಪಿಯ ಬೆನ್ನ ಮೇಲೆ ಕೈ ಇಟ್ಟಳು.

"ನಮ್ಮ ಮಾವ ಇವಳನ್ನ ಮಾರಿಬಿಡಾನ ಅಂತಾವ್ನೆ. ಹುಳಿಮಾವಿನ ರಾಮಯ್ಯ, ದನದ ವ್ಯಾಪಾರದೋನು, ಬಂದು ಹಲ್ಲು ನೋಡ್ಕಂಡು ಹೋದ. ಶಿವರಾತ್ರಿಗೆ ಹಗ್ಗ ತತ್ತೀನಿ ಅಂದವ್ನೆ. ಕೂತು ಏಳಕ್ಕೇ ಆಗ್ದಿದ್ರೆ ಹಸು ಯಾತಕ್ಕೆ, ನೀವೇ ಹೇಳಿ."

ಮಾವ ಎಂದರೆ ಅವಳ ಗಂಡ ಬೋರಣ್ಣ. ಸೋದರಮಾವನನ್ನೇ ಮದುವೆಯಾದವಳು, ಮೂವತ್ತೈದು ವರ್ಷ ಸಂಸಾರ ಮಾಡಿದರೂ ಕರೆಯುವುದು ಮಾತ್ರ ಮಾವ ಎಂದೇ. ಕೆಂಪಿ ಅವರ ಕೊಟ್ಟಿಗೆಯಲ್ಲೇ ಹುಟ್ಟಿದ್ದು. ಹುಟ್ಟುವಾಗ ಕಾಲು ಸಿಕ್ಕಿಕೊಂಡಿದ್ದ ಕರುವನ್ನು ಹೊರಗೆ ಎಳೆದವಳು ಗೌರಮ್ಮ. ಆ ಋಣವೋ ಏನೋ, ಕೆಂಪಿ ಬೇರೆ ಯಾರ ಕೈಗೂ ಹಾಲು ಬಿಡುತ್ತಿರಲಿಲ್ಲ. ಬೋರಣ್ಣ ಕೂತರೆ ಒಂದೇ ಒದೆ, ತಂಬಿಗೆ ಬೇಲಿಯಾಚೆ.

"ಶಿವರಾತ್ರಿಗೆ ಇನ್ನೂ ನಾಲ್ಕು ತಿಂಗಳಿದೆ," ಎಂದಳು ವಾರಿಜಾ. "ವರ್ತನೆ ಮುಗಿಸಿಕೊಂಡು ಷಾಪಿಗೆ ಬನ್ನಿ."

ಡಾಕ್ಟರು ಮೊದಲು ಸೂಜಿಯ ಮಾತೇ ಎತ್ತಲಿಲ್ಲ. ಮಾತ್ರೆ ಕೊಟ್ಟರು, ಬಿಸಿನೀರಿನ ಶಾಖ ಹೇಳಿದರು, ಕುಕ್ಕರಗಾಲಿನಲ್ಲಿ ಕೂರಬೇಡಿ ಎಂದರು. ಎರಡು ವಾರ ಕಳೆದರೂ ಊತ ಇಳಿಯಲಿಲ್ಲ. ದೀಪಾವಳಿ ಮುಗಿದ ಮಾರನೇ ವಾರ ಬೋರಣ್ಣನೂ ಜೊತೆಗೆ ಬಂದ. ಕೈಕಟ್ಟಿಕೊಂಡು ಬಾಗಿಲಲ್ಲೇ ನಿಂತ.

ಡಾಕ್ಟರು ಮಂಡಿಯನ್ನು ಮಡಿಸಿದರು, ಬಿಡಿಸಿದರು, ಅಂಗೈ ಇಟ್ಟು ಬಿಸಿ ನೋಡಿದರು. ಜ್ವರ ಬಂದಿತ್ತೇ, ಕಾಲಿನ ಮೇಲೆ ಗಾಯ, ಕುರು ಏನಾದರೂ ಇದೆಯೇ ಎಂದು ಕೇಳಿದರು. ಆಮೇಲೆ ಒಂದು ಗಾಜಿನ ಸೀಸೆ ಕೊಟ್ಟು ಮೂತ್ರ ಹಿಡಿದು ತರಲು ಹೇಳಿದರು.

ಬೋರಣ್ಣನಿಗೆ ತಡೆಯಲಾಗಲಿಲ್ಲ. "ಅಲ್ಲ ಸಾಮಿ, ನೋವಿರೋದು ಮಂಡೀಲಿ!"

"ಗೊತ್ತು ಯಜಮಾನ್ರೇ. ಸಕ್ಕರೆ ಕಾಯಿಲೆ ಇದೆಯಾ ಅಂತ ನೋಡಬೇಕು. ಈಗ ಹಾಕೋ ಮದ್ದು ಕೆಲವು ದಿನ ಸಕ್ಕರೆ ಏರಿಸುತ್ತೆ. ಇರೋದು ಗೊತ್ತಿದ್ರೆ ಜೋಪಾನ ಮಾಡಬಹುದು."

ಸಕ್ಕರೆ ಇರಲಿಲ್ಲ. ವಾರಿಜಾ ಪಂಪ್ ಸ್ಟೌವಿನ ಮೇಲೆ ಸೂಜಿ, ಸಿರಿಂಜು ಕುದಿಯಲು ಇಟ್ಟಳು. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು, ಅವಳು ಇಳಿಸುವ ಹಾಗೆ ಕಾಣಲಿಲ್ಲ.

"ಏನ್ ನರ್ಸಮ್ಮ, ಮುದ್ದೆಗೆ ಎಸರಿಟ್ಟಿದ್ದೀರಾ?" ಎಂದಳು ಗೌರಮ್ಮ.

"ಇಪ್ಪತ್ತು ನಿಮಿಷ ಕುದೀಲೇಬೇಕು ಗೌರಮ್ಮ. ಈ ಸೂಜಿ ಹೋಗೋದು ಕೀಲಿನ ಒಳಕ್ಕೇ. ಅಲ್ಲಿಗೆ ಒಂದು ಕ್ರಿಮಿ ಹೊಕ್ಕರೂ ಅದಕ್ಕೆ ಹಬ್ಬ, ನಮಗೆ ಗ್ರಹಚಾರ."

ಡಾಕ್ಟರು ಸೋಪು ಹಾಕಿ ಕೈ ತೊಳೆದರು, ಮಂಡಿಯನ್ನು ಸ್ಪಿರಿಟ್ಟಿನಿಂದ ಒರೆಸಿದರು, ಪುಟ್ಟ ಬುಡ್ಡಿಯನ್ನು ಅಲ್ಲಾಡಿಸಿ ಮದ್ದು ಎಳೆದರು. ಗೌರಮ್ಮನ ಕಣ್ಣು ಅರಳಿತು.

"ಅಯ್ಯ! ಹಾಲಿನಂಗೇ ಐತೆ!"

"ಹೈಡ್ರೋಕಾರ್ಟಿಸೋನ್ ಅಂತ. ಸ್ಟೀರಾಯ್ಡ್ ಜಾತಿ ಮದ್ದು. ಕೀಲಿನ ಒಳಗಿನ ಊತ, ಉರಿ ತಣಿಸುತ್ತೆ."

ಹೆಸರು ಗೌರಮ್ಮನ ನಾಲಿಗೆಗೆ ಹತ್ತುವ ಹಾಗಿರಲಿಲ್ಲ. ಅವಳು ನೋಡುತ್ತಿದ್ದದ್ದು ಅಳತೆಯನ್ನು. ಹಾಲು ಅಳೆದು ಅಳೆದು ಪಳಗಿದ ಕಣ್ಣು ಅದು. ಸಿರಿಂಜಿನ ಮೇಲಿನ ಗೆರೆಗಳಲ್ಲಿ ಮದ್ದು ಎರಡನೇ ಗೆರೆಗೆ ನಿಂತಿತ್ತು. ಬೆಕ್ಕಿನ ಮರಿಗೂ ಸಾಲದು.

"ಡಾಕ್ಟ್ರೇ, ಅಷ್ಟೇನಾ? ಒಂದು ಕೊಸರು ಹಾಕಿ ಸಾಮಿ! ನಿಮ್ಮ ನರ್ಸಮ್ಮನಿಗೆ ಒಂದಿನಾನಾದ್ರೂ ಕೊಸರು ತಪ್ಸಿದ್ರೆ ಕೇಳಿ."

ವಾರಿಜಾ ಬಾಯಿಗೆ ಕೈ ಅಡ್ಡ ಹಿಡಿದಳು. ಡಾಕ್ಟರು ಮಾತ್ರ ನಗಲಿಲ್ಲ, ಸಿರಿಂಜನ್ನು ಅವಳ ಕಣ್ಣಿನ ಮಟ್ಟಕ್ಕೆ ತಂದರು.

"ಹಾಲಿಗೆ ಕೊಸರಿದೆ ತಾಯಿ, ಮದ್ದಿಗಿಲ್ಲ. ನೋಡಿ, ಮಂಡಿ ದೊಡ್ಡ ಕೀಲು, ಅದಕ್ಕೆ ಈ ಮದ್ದು ಇಷ್ಟು ಸಾಕು. ಬೆರಳಿನ ಕೀಲಿಗಾದ್ರೆ ಇದರ ಕಾಲು ಭಾಗವೂ ಬೇಡ. ಬೇರೆ ಬುಡ್ಡಿ ಮದ್ದಾದ್ರೆ ಅಳತೆಯೇ ಬೇರೆ. ಹೆಚ್ಚು ಹಾಕಿದ್ರೆ ಹೆಚ್ಚು ವಾಸಿಯಾಗಲ್ಲ. ಕೀಲಿನೊಳಗೆ ಒಂದು ಮೆತ್ತೆ ಇರುತ್ತೆ, ಅದು ಸವೆಯುತ್ತೆ."

"ಹಂಗಾದ್ರೆ ಮುಂದಿನ ವಾರ ಇನ್ನೊಂದು ಹಾಕಿ," ಎಂದ ಬೋರಣ್ಣ ಬಾಗಿಲಿಂದ.

"ಮುಂದಿನ ವಾರವೂ ಇಲ್ಲ, ಮುಂದಿನ ತಿಂಗಳೂ ಇಲ್ಲ. ಮೂರು ತಿಂಗಳು ಕಳೀಬೇಕು. ಆಗಲೂ ಬೇಕೇ ಬೇಡವೇ ಅಂತ ಮಂಡಿ ನೋಡಿ ಹೇಳ್ತೀನಿ. ವರ್ಷಕ್ಕೆ ಮೂರೋ ನಾಲ್ಕೋ, ಅದಕ್ಕೆ ಮೀರಿ ಯಾರು ಹಾಕ್ತೀನಿ ಅಂದ್ರೂ ಕಾಲು ಚಾಚಬೇಡಿ."

ಸೂಜಿ ಒಳಗೆ ಹೋಗಿದ್ದು, ಬಂದದ್ದು ಗೌರಮ್ಮನಿಗೆ ಇರುವೆ ಕಡಿದಷ್ಟೇ. ಡಾಕ್ಟರು ಇನ್ನೂ ಹೇಳಿದರು: ಇವತ್ತು ನಾಳೆ ನೋವು ಸ್ವಲ್ಪ ಹೆಚ್ಚಾದರೆ ಹೆದರಬೇಡಿ. ಎರಡು ದಿನ ಮಂಡಿಗೆ ರಜಾ. ಮಂಡಿ ಕೆಂಪಾಗಿ ಊದಿ ಜ್ವರ ಬಂದರೆ ಆ ಕ್ಷಣವೇ ಬನ್ನಿ. ಈ ಮದ್ದು ಸವೆದದ್ದನ್ನು ಮತ್ತೆ ಬೆಳೆಸುವುದಿಲ್ಲ, ಕೆಲವು ವಾರವೋ ಕೆಲವು ತಿಂಗಳೋ ನೋವು ತಗ್ಗಿಸುತ್ತದೆ. ಆ ಹೊತ್ತಿನಲ್ಲಿ ತೊಡೆಗೆ ಬಲ ತುಂಬಿಸಿಕೊಳ್ಳಬೇಕು. ಜಗಲಿಯ ಮೇಲೆ ಕೂತು ಕಾಲನ್ನು ನೇರವಾಗಿ ಎತ್ತಿ, ಹತ್ತು ಎಣಿಸಿ, ಇಳಿಸಬೇಕು. ಬೆಳಿಗ್ಗೆ ಹತ್ತು ಸಲ, ಸಂಜೆ ಹತ್ತು ಸಲ. ಹಾಲು ಕರೆಯಲು ಒಂದು ಗಿಡ್ಡ ಸ್ಟೂಲು ಮಾಡಿಸಿಕೊಳ್ಳಬೇಕು.

"ಅದೊಂದು ಆಗಾಕಿಲ್ಲ," ಎಂದಳು ಗೌರಮ್ಮ. "ಸ್ಟೂಲ್ ಮೇಲೆ ಕೂತ್ಕಂಡು ಹಾಲು ಕರೆದ್ರೆ ಜಯನಗರವೆಲ್ಲ ನಗ್ತದೆ."

ಆ ಎರಡು ದಿನ ಚಿಕ್ಕಲಸಂದ್ರದಲ್ಲಿ ನಡೆದದ್ದನ್ನು ಇವತ್ತಿಗೂ ಜನ ಹೇಳಿಕೊಂಡು ನಗುತ್ತಾರೆ. ಕೆಂಪಿ ಬೋರಣ್ಣನನ್ನು ಹತ್ತಿರ ಸೇರಿಸಲಿಲ್ಲ. ಕೊನೆಗೆ ಅವನು ಗೌರಮ್ಮನ ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು ಕೂತ. ಕೆಂಪಿ ಒಂದು ಸಲ ಮೂಸಿತು, ಅನುಮಾನದಿಂದ ನೋಡಿತು, ಪಾಪ ಎಂದುಕೊಂಡು ಒಂದು ಪಾವು ಬಿಟ್ಟಿತು. ಆಮೇಲೆ ಬೋರಣ್ಣನಿಗೆ ಸೀನು ಬಂತು. ಗಂಡಸಿನ ಸೀನು. ತಂಬಿಗೆ ಬೇಲಿಯಾಚೆ.

"ಮಾವ, ಸೀರೆ ಹರೀಬ್ಯಾಡ!" ಎಂದು ಗೌರಮ್ಮ ಜಗಲಿಯಿಂದ ಕೂಗಿದಳು. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು.

ಮೂರನೇ ದಿನ ಎದ್ದಳು. ಮಂಡಿಯೊಳಗಿನ ಮರಳು ಎಲ್ಲಿ ಹೋಯಿತೋ! ನಾಲ್ಕನೇ ದಿನ ಜಯನಗರಕ್ಕೆ ನಡೆದಳು. ಸೀತಮ್ಮನವರ ಗೇಟು ಹಿಡಿಯದೆ ಎದ್ದಳು. ಸೀತಮ್ಮನವರು ಚಪ್ಪಾಳೆಯನ್ನೇ ತಟ್ಟಿಬಿಟ್ಟರು.

ಇಷ್ಟಕ್ಕೆ ನಿಂತಿದ್ದರೆ ಈ ಕಥೆ ಹೇಳುವ ಅಗತ್ಯವೇ ಇರಲಿಲ್ಲ. ನೋವು ಹೋದ ಸಂತೋಷದಲ್ಲಿ ಗೌರಮ್ಮ ಡಾಕ್ಟರ ಮಾತಿನಲ್ಲಿ ಅರ್ಧ ಮರೆತಳು. ಕಾಲೆತ್ತಿ ಹತ್ತು ಎಣಿಸುವುದು ಮೂರು ದಿನ ನಡೆಯಿತು, ನಿಂತಿತು. ಸ್ಟೂಲು ಬರಲೇ ಇಲ್ಲ. ಹುಲ್ಲಿನ ಹೊರೆ ತಲೆಗೇರಿತು. ಅವರೆಕಾಯಿ ಸುಗ್ಗಿ ಬಂದಾಗ ದಿನವಿಡೀ ಹೊಲದಲ್ಲಿ ಕುಕ್ಕರಗಾಲಿನಲ್ಲೇ ಕೂತಳು. ಮೂರು ವಾರಕ್ಕೆ ಎಡಮಂಡಿ ಮತ್ತೆ ಸಣ್ಣಗೆ ಕಟಕ್ ಎಂದಿತು.

"ಮದ್ದು ಕಮ್ಮಿಯಾಗೈತೆ ಅಮ್ಮಿ," ಎಂದ ಬೋರಣ್ಣ. "ನಾನು ಅವತ್ತೇ ಅಂದೆ. ಬೆಕ್ಕಿನ ಮರಿಗೆ ಹುಯ್ದಂಗೆ ಹುಯ್ದು ಕಳಿಸವ್ರೆ. ಶಂಭುಲಿಂಗಪ್ಪನ್ನ ಕರೀತೀನಿ. ಶುಕ್ರವಾರ ಶುಕ್ರವಾರ ಬಂದು ಹಾಕ್ತಾನೆ. ಅದೇ ಬಿಳಿ ಮದ್ದು. ಕೇಳಿದಷ್ಟು ಹಾಕ್ತಾನೆ."

ಶಂಭುಲಿಂಗಪ್ಪ ಹಿಂದೆ ಯಾವುದೋ ಔಷಧಿ ಅಂಗಡಿಯಲ್ಲಿ ಬುಡ್ಡಿ ಜೋಡಿಸುತ್ತಿದ್ದವನು. ಈಗ ಸೈಕಲ್ಲಿಗೆ ತಗಡಿನ ಪೆಟ್ಟಿಗೆ ಕಟ್ಟಿಕೊಂಡು ಬಿಳೇಕಹಳ್ಳಿಯಿಂದ ಚಿಕ್ಕಲಸಂದ್ರದವರೆಗೆ ಸೂಜಿ ಚುಚ್ಚಿಕೊಂಡು ತಿರುಗುತ್ತಿದ್ದ. ಕೆಟ್ಟ ಮನುಷ್ಯನಲ್ಲ. ಅವನಿಗೆ ತಿಳಿವಳಿಕೆಗಿಂತ ಧೈರ್ಯ ಹೆಚ್ಚು, ಅಷ್ಟೆ.

ಗೌರಮ್ಮ ಮನಸ್ಸಿನಲ್ಲಿ ಎಣಿಸಿದಳು. ಶಿವರಾತ್ರಿಗೆ ಎರಡೂವರೆ ತಿಂಗಳು. ನೋವು ಮತ್ತೆ ಬಲಿತರೆ ರಾಮಯ್ಯನ ಹಗ್ಗ ಕೆಂಪಿಯ ಕೊರಳಿಗೆ. "ಕರಿ," ಎಂದಳು.

ಶುಕ್ರವಾರ ಬೆಳಿಗ್ಗೆ ವರ್ತನೆ ಮುಗಿಸಿ ಬಂದು, ಕೆಂಪಿಯನ್ನೂ ಕರುವನ್ನೂ ಬೇರೆ ಬೇರೆ ಗೂಟಕ್ಕೆ ಕಟ್ಟಿ, ಗೌರಮ್ಮ ಜಗಲಿಯ ಮೇಲೆ ಎಡಗಾಲು ಚಾಚಿ ಕೂತಳು. ಶಂಭುಲಿಂಗಪ್ಪ ಒಂದು ಲೋಟ ಬಿಸಿನೀರು ಕೇಳಿ, ಸೂಜಿಯನ್ನು ಅದರಲ್ಲಿ ಎರಡು ಸಲ ಆಡಿಸಿ, ಪಂಚೆಯ ತುದಿಯಲ್ಲಿ ಒರೆಸಿದ. ಎರಡು ಬುಡ್ಡಿ ಒಡೆದ. ಎರಡನ್ನೂ ಒಂದೇ ಸಿರಿಂಜಿಗೆ ತುಂಬಿದ. ಬಿಳಿ ಮದ್ದು ನಾಲ್ಕನೇ ಗೆರೆಗೆ ಬಂತು.

"ಕೊಸರೂ ಸೇರಿಸಿವ್ನಿ ಗೌರಕ್ಕ!" ಎಂದ ಹೆಮ್ಮೆಯಿಂದ.

ಅಷ್ಟರಲ್ಲಿ ಕೊಟ್ಟಿಗೆಯಿಂದ ಚಪ್ಪರಿಸುವ ಸದ್ದು ಕೇಳಿತು. ಗೌರಮ್ಮ ಕತ್ತು ತಿರುಗಿಸಿದಳು. ಕರು ತಾಯಿಯ ಕೆಳಗೆ ನಿಂತು, ಬಾಯಿ ತುಂಬ ನೊರೆ ಮಾಡಿಕೊಂಡು, ಗುದ್ದಿ ಗುದ್ದಿ ಕುಡಿಯುತ್ತಿತ್ತು. ಬಿಚ್ಚಿದ ಹಗ್ಗ ಬೋರಣ್ಣನ ಕೈಯಲ್ಲೇ ಇತ್ತು.

"ಮಾವ! ಕರುನ ಬುಟ್ಟಿದ್ದೀಯಾ?"

"ಪಾಪ, ಕುಡೀಲಿ ಬುಡೇ. ಇವತ್ತು ಒಳ್ಳೇ ದಿನ."

"ಏನು ಒಳ್ಳೇ ದಿನ! ಅದರ ಪಾಲು ಬೆಳಿಗ್ಗೇನೇ ಕುಡ್ಸಿದೀನಿ. ಹೋದ್ ವರ್ಷ ನೀನು ಹಿಂಗೇ ಪಾಪ ಪಾಪ ಅಂತ ಬುಟ್ಟು, ಆ ಕರು ಭೇದಿ ಹತ್ತಿ ಹೋಗಿದ್ದು ಮರ್ತೋಯ್ತಾ? ಹಾಲು ಒಳ್ಳೇದಂತ ಹೊಟ್ಟೆ ಮೀರಿ ಕುಡ್ಸಾಕಾಯ್ತದಾ? ಎಷ್ಟು ಸಲ ಬಡ್ಕಳ್ಳಿ, ಅಷ್ಟುದ್ದ ಕರುಗೂ ಒಂದು ಅಳತೆ ಅಂತ..."

ಗೌರಮ್ಮನ ಬಾಯಿ ಅಲ್ಲಿಗೇ ನಿಂತಿತು.

ಅವಳು ಕರುವನ್ನು ನೋಡಿದಳು. ನಾಲ್ಕು ಗೆರೆ ತುಂಬಿದ ಸಿರಿಂಜನ್ನು ನೋಡಿದಳು. ಮೊದಲ ಸೂಜಿಯನ್ನು ಹಾಕಿದ ಡಾಕ್ಟರು ಅವಳ ಕಣ್ಣಿನ ಮಟ್ಟಕ್ಕೆ ಹಿಡಿದಿದ್ದ ಎರಡನೇ ಗೆರೆ ನೆನಪಾಯಿತು. ಸೀರೆಯನ್ನು ಮಂಡಿಯ ಮೇಲಿಂದ ಪಾದದವರೆಗೆ ಎಳೆದುಕೊಂಡಳು.

"ಬ್ಯಾಡ ಶಂಭುಲಿಂಗಪ್ಪ. ಎತ್ಕ ನಿನ್ನ ಪೆಟ್ಟಿಗೆ."

"ಗೌರಕ್ಕ, ಬುಡ್ಡಿ ಒಡೆದಾಯ್ತಲ್ಲ! ಎರಡು ಬುಡ್ಡಿ!"

"ಒಡೆದಿದ್ರೆ ಒಡೆದೈತೆ. ನನ್ನ ಮಂಡಿ ಒಡೆದಿಲ್ಲವಲ್ಲ."

ಅವಳು ಎದ್ದು ಕರುವನ್ನು ಎಳೆದು ಕಟ್ಟಲು ಹೋದಳು. ಅಷ್ಟೊತ್ತಿಗೆ ಜಗಲಿಗೆ ಬಂದ ಬೋರಣ್ಣನ ತಲೆಯಲ್ಲಿ ಬೇರೆಯೇ ಯೋಚನೆ ಓಡುತ್ತಿತ್ತು. ಅವನು ಬಡಿಸಿದ ಅನ್ನ ಬಿಡುವವನಲ್ಲ, ಒಡೆದ ತೆಂಗಿನಕಾಯಿ ನಾಳೆಗೆ ಇಡುವವನಲ್ಲ. ತುಂಬಿಟ್ಟ ಮದ್ದನ್ನು ಚರಂಡಿಗೆ ಚೆಲ್ಲುವುದು ಅವನ ಕೈಲಿ ಆಗಲಿಲ್ಲ.

"ಹಾಳಾಗ್ತದಲ್ಲ ಶಂಭುಲಿಂಗಪ್ಪ. ನಂಗೂ ಈಚೆಗೆ ಬಲಮಂಡಿ ಒಂದೊಂದ್ಸಲ ಚುಳುಕ್ ಅಂತದೆ," ಎಂದು ಪಂಚೆ ಮೇಲೆತ್ತಿದ.

ಗೌರಮ್ಮ ಕೊಟ್ಟಿಗೆಯಿಂದ ತಿರುಗುವಷ್ಟರಲ್ಲಿ ಸೂಜಿ ಒಳಗೆ ಹೋಗಿ ಈಚೆಗೂ ಬಂದಿತ್ತು.

ಭಾನುವಾರ ಬೆಳಿಗ್ಗೆ ಅವಳು ಜಯನಗರದಿಂದ ಮನೆಗೆ ಬಂದಾಗ ಬೋರಣ್ಣ ಚಾಪೆಯ ಮೇಲೆ ನಡುಗುತ್ತಿದ್ದ. ಬಲಮಂಡಿ ತೆಂಗಿನಕಾಯಿಯಷ್ಟು ಊದಿ, ಕೆಂಪಗೆ ಹೊಳೆಯುತ್ತಿತ್ತು. ಮುಟ್ಟಿದರೆ ಕಾದ ಹಂಚು. "ಅಮ್ಮೀ, ಕಾಲು ಕಿತ್ತಾಕ್ಬುಡೇ," ಎಂದು ನರಳಿದ.

ಗೌರಮ್ಮ ಓಡಿದಳು. ಹೌದು, ಒಂದೂವರೆ ತಿಂಗಳ ಹಿಂದೆ ಗೇಟು ಹಿಡಿದು ಏಳಲಾಗದೆ ಕೂತಿದ್ದ ಅದೇ ಗೌರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೇಲಿನ ಕೇರಿಯ ಚಿಕ್ಕಬೈರಪ್ಪನ ಮನೆಗೆ ಓಡಿದಳು. ಅವನು ಊರಲ್ಲಿರಲಿಲ್ಲ. ಎತ್ತುಗಳಿದ್ದವು, ಗಾಡಿ ಇತ್ತು. ತಾನೇ ನೊಗಕ್ಕೆ ಎತ್ತು ಹೂಡಿ, ಗಾಡಿಗೆ ಹುಲ್ಲು ಹಾಸಿ, ಗಂಡನನ್ನು ಮಲಗಿಸಿ, ಮೂಗುದಾರದ ಹಗ್ಗ ತಾನೇ ಹಿಡಿದು ಹೊಡೆದಳು. ಕದಿರೇನಹಳ್ಳಿಯ ಹಳ್ಳಗುಣಿಯಲ್ಲಿ ಗಾಡಿ ಎತ್ತಿ ಹಾಕಿದಾಗಲೆಲ್ಲ ಹಿಂದಿನಿಂದ "ಅಯ್ಯೋ" ಎಂಬ ಸದ್ದು. ಅವಳು ತಿರುಗಿ ನೋಡಲಿಲ್ಲ.

ಡಾಕ್ಟರು ಮಂಡಿ ನೋಡಿದ ಕೂಡಲೇ ಮುಖ ಗಂಟಿಕ್ಕಿದರು.

"ಕೀಲಿನೊಳಗೆ ಕೀವಾಗಿದೆ. ದೊಡ್ಡಾಸ್ಪತ್ರೆಗೆ ಚೀಟಿ ಬರೀತೀನಿ, ಈಗಲೇ ಹೊರಡಬೇಕು. ಯಾರು ಹಾಕಿದ್ದು? ಸೂಜಿ ಎಷ್ಟು ಹೊತ್ತು ಕುದಿಸಿದ್ರು?"

"ಕುದಿಸ್ಲಿಲ್ಲ ಸಾಮಿ. ಲೋಟದಾಗೆ ತೊಳ್ದ," ಎಂದಳು ಗೌರಮ್ಮ.

"ಈ ಮದ್ದು ಉರಿಯನ್ನ ತಣಿಸುತ್ತೆ ತಾಯಿ, ಕ್ರಿಮಿಯನ್ನ ಕೊಲ್ಲಲ್ಲ. ಒಳಗೆ ಕ್ರಿಮಿ ಹೊಕ್ಕಿದ್ರೆ ಮೈಯ ಕಾವಲುಗಾರರನ್ನೇ ಮಲಗಿಸಿಬಿಡುತ್ತೆ. ಅದೂ ಎರಡರಷ್ಟು! ಬೇಡದ ಮಂಡಿಗೆ!"

ಬೋರಣ್ಣ ಆ ಜ್ವರದಲ್ಲೂ ಕಣ್ಣು ತೆರೆದು, "ಹಾಳಾಗ್ತದೆ ಅಂತ ಹಾಕ್ಸ್ಕಂಡೆ ಸಾಮಿ," ಎಂದ. ಯಾರಿಗೂ ನಗು ಬರಲಿಲ್ಲ.

ವಾರಿಜಾ ಅವರ ಜೊತೆಯಲ್ಲೇ ಹೋಗಿ ಆಸ್ಪತ್ರೆಗೆ ಸೇರಿಸಿದಳು. ಕೀವು ತೆಗೆದರು. ಪೆನ್ಸಿಲಿನ್ ಸೂಜಿಯನ್ನು ಹಗಲೂ ರಾತ್ರಿ ಗಂಟೆ ನೋಡಿ ಕೊಟ್ಟರು. ಇನ್ನೊಂದು ದಿನ ತಡವಾಗಿದ್ದರೆ ಕೀಲೇ ಹೋಗುತ್ತಿತ್ತು ಎಂದು ಅಲ್ಲಿನ ದೊಡ್ಡ ಡಾಕ್ಟರು ಹೇಳಿದರು. ಬೋರಣ್ಣ ಹಾಸಿಗೆಯಿಂದ ಇಳಿಯಲು ಮೂರು ವಾರ ಹಿಡಿಯಿತು.

ಆ ಮೂರು ವಾರ ಗೌರಮ್ಮ ಒಂದು ದಿನವೂ ವರ್ತನೆ ತಪ್ಪಿಸಲಿಲ್ಲ. ಬೆಳಿಗ್ಗೆ ಜಯನಗರ, ಮಧ್ಯಾಹ್ನ ಆಸ್ಪತ್ರೆ, ಸಂಜೆ ಕೊಟ್ಟಿಗೆ. ಹುಲ್ಲಿನ ಹೊರೆಯನ್ನು ತಲೆಯಿಂದ ಇಳಿಸಿ ಚಿಕ್ಕಬೈರಪ್ಪನ ಗಾಡಿಗೆ ಹಾಕಿದಳು. ವಾರಿಜಾ ಹೇಳಿಕೊಟ್ಟ ಹಾಗೆ ಜಗಲಿಯ ಮೇಲೆ ಕೂತು ಕಾಲು ಎತ್ತಿ, "ಒಂದು, ಎರಡು..." ಎಂದು ಗಟ್ಟಿಯಾಗಿ ಎಣಿಸುತ್ತಿದ್ದಳು. ಬೀದಿಯ ಹೆಂಗಸರು ಮೊದಲ ದಿನ ನಕ್ಕರು. ವಾರ ಕಳೆಯುವಷ್ಟರಲ್ಲಿ ಎದುರು ಜಗಲಿಯ ನಾರಾಯಣಮ್ಮನೂ ಕಾಲೆತ್ತಿ ಎಣಿಸತೊಡಗಿದಳು. ಆಮೇಲೆ ಅವಳ ಸೊಸೆ.

ಶಂಭುಲಿಂಗಪ್ಪ ಮುಂದಿನ ಶುಕ್ರವಾರ ಬಂದಾಗ ನಾರಾಯಣಮ್ಮ ಜಗಲಿಯಿಂದಲೇ ಕೇಳಿದಳು: "ಏನಪ್ಪ, ಸೂಜಿ ಎಷ್ಟೊತ್ತು ಕುದಿಸ್ದೆ?" ಅವನು ಸೈಕಲ್ಲಿನಿಂದ ಇಳಿಯಲೇ ಇಲ್ಲ.

ಬೋರಣ್ಣ ಸ್ವಲ್ಪ ಕುಂಟುತ್ತಲೇ ಮನೆಗೆ ಬಂದ. ಬಂದವನು ಮಾಡಿದ ಮೊದಲ ಕೆಲಸ, ಹಿತ್ತಲಿನ ಹಲಸಿನ ಹಲಗೆ ಕೊಯ್ದದ್ದು. ಎರಡು ದಿನ ಕೂತು ಕೆತ್ತಿ, ಒಂದು ಗೇಣಿಗಿಂತ ಸ್ವಲ್ಪ ಎತ್ತರದ, ಮೂರು ಕಾಲಿನ ಸ್ಟೂಲು ಮಾಡಿದ. ಗೌರಮ್ಮನ ಮುಂದೆ ಇಟ್ಟ.

"ಜಯನಗರ ನಗ್ತದೆ ಮಾವ."

"ನಗ್ಲಿ. ಸೀರೆ ಉಟ್ಕಂಡು ಕೂತಾಗ ಊರೇ ನಕ್ಕಿತ್ತು, ನಾನೇನ್ ಸತ್ನಾ?"

ಮೂರು ತಿಂಗಳು ತುಂಬಿದ ದಿನ ಇಬ್ಬರೂ ಡಾಕ್ಟರ ಷಾಪಿಗೆ ಹೋದರು. ಗೌರಮ್ಮ ಸೂಜಿಗೆ ತಯಾರಾಗಿಯೇ ಹೋಗಿದ್ದಳು. ಡಾಕ್ಟರು ಮಂಡಿ ಮಡಿಸಿದರು, ಬಿಡಿಸಿದರು, ಅಂಗೈ ಇಟ್ಟರು. ಕುರ್ಚಿಯಿಂದ ಕೈಯೂರದೆ ಏಳಲು ಹೇಳಿದರು. ಎದ್ದಳು. ಕೂರಲು ಹೇಳಿದರು. ಕೂತಳು. ಹೀಗೆ ಐದು ಸಲ.

"ಸೂಜಿ ಬೇಡ," ಎಂದರು ಡಾಕ್ಟರು.

"ಮೂರು ತಿಂಗಳಾಯ್ತಲ್ಲ ಸಾಮಿ?"

"ಮೂರು ತಿಂಗಳಾಯ್ತು ಅಂತ ಹಾಕಲೇಬೇಕು ಅಂತಿಲ್ಲ. ಬೇಕಾದಾಗ ಹಾಕೋಣ. ನಿಮ್ಮ ಮಂಡಿಗೆ ಈಗ ನಿಮ್ಮ ತೊಡೆಯೇ ಮದ್ದು."

ಗೌರಮ್ಮ ಗಂಡನ ಕಡೆ ತಿರುಗಿದಳು. ಬೋರಣ್ಣ ಎರಡು ಕೈಯನ್ನೂ ಮೇಲೆತ್ತಿ, "ನಾನು ಏನಾರ ಅಂದ್ನಾ? ನಂಗೆ ಕೊಸರು ಅನ್ನೋ ಮಾತೇ ಗೊತ್ತಿಲ್ಲ!" ಎಂದ. ವಾರಿಜಾ ನಕ್ಕ ನಗು ರಸ್ತೆಗೆ ಕೇಳಿಸಿತು.

ಶಿವರಾತ್ರಿಯ ಬೆಳಿಗ್ಗೆ. ಹಬ್ಬದ ದಿನವಾದ್ದರಿಂದ ಎಲ್ಲರಿಗೂ ಹೆಚ್ಚು ಹಾಲು ಬೇಕು. ಮುಂದೆ ಕೆಂಪಿ, ಅದರ ಹಿಂದೆ ಕರು, ಕರುವಿನ ಹಿಂದೆ ಗೌರಮ್ಮ, ಎಲ್ಲರಿಗಿಂತ ಹಿಂದೆ ಸ್ಟೂಲನ್ನು ಹೆಗಲಿಗೇರಿಸಿಕೊಂಡು ಬೋರಣ್ಣ. ಸೀತಮ್ಮನವರ ಗೇಟಿನ ಮುಂದೆ ಗೌರಮ್ಮ ಸ್ಟೂಲಿನ ಮೇಲೆ ಕೂತು ಕರೆಯಲು ಶುರುಮಾಡಿದಳು. ಅಷ್ಟರಲ್ಲಿ ಹುಳಿಮಾವಿನ ರಾಮಯ್ಯ ಬಂದ. ಹೆಗಲ ಮೇಲೆ ಹೊಸ ಹಗ್ಗ.

"ಚಿಕ್ಕಲಸಂದ್ರಕ್ಕೇ ಹೋಗಿದ್ದೆ ಬೋರಣ್ಣ. ಇಲ್ಲವ್ರೆ ಅಂದ್ರು. ಶಿವರಾತ್ರಿ ಅಂದಿದ್ನಲ್ಲ, ಹಗ್ಗ ತಂದಿವ್ನಿ."

ಬೋರಣ್ಣ ಹಗ್ಗವನ್ನು ಕೈಗೆ ತೆಗೆದುಕೊಂಡ, ಎಳೆದು ನೋಡಿದ, ಹೊಸೆತ ನೋಡಿದ.

"ಒಳ್ಳೇ ಹಗ್ಗ ರಾಮಯ್ಯ. ತಗಂಡೋಗು. ಬಟ್ಟೆ ಒಣಗಾಕಕ್ಕೆ ಆಯ್ತದೆ."

"ಅಂದ್ರೆ ಮಾರಾಕಿಲ್ವಾ?"

"ಅಲ್ಲಿ ನೋಡು, ಹೆಂಗೆ ಕರೀತಾವ್ಳೆ! ಅವಳಿರೋಗಂಟ ಕೆಂಪಿ ಇರ್ತಾಳೆ."

ರಾಮಯ್ಯ ನೋಡಿದ. ಹಾಲಿನ ಧಾರೆ ತಂಬಿಗೆಯಲ್ಲಿ ಸರ್ ಸರ್ ಎಂದು ಹಾಡುತ್ತಿತ್ತು. ಸೀತಮ್ಮನವರು ಪಾತ್ರೆ ಮುಂದೆ ಚಾಚಿದರು. ಗೌರಮ್ಮ ಎರಡು ಪಾವು ಅಳೆದು ಹುಯ್ದಳು.

"ಕೊಸರು ಗೌರಮ್ಮ!"

"ಹಾಕ್ದೆ ಬುಡ್ತೀನಾ ಅಮ್ಮೋರೆ? ಹಾಲಿಗೆ ಎಷ್ಟು ಬೇಕಾದ್ರೂ ಕೇಳಿ. ಮದ್ದಿಗೆ ಮಾತ್ರ ಕೇಳ್ಬ್ಯಾಡಿ."

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಗೋಡೆ ಹಿಡಿದು ಏಳುವ ಒಬ್ಬರು ಇದ್ದೇ ಇರುತ್ತಾರೆ. ಅವರ ಮಂಡಿಯನ್ನು ಕಲಿತ ಡಾಕ್ಟರಿಗೆ ತೋರಿಸಿ. ಕೀಲಿಗೆ ಹಾಕುವ ಸ್ಟೀರಾಯ್ಡ್ ಸೂಜಿ ಒಳ್ಳೆಯ ಮದ್ದು. ಆದರೆ ಎಷ್ಟು, ಯಾವಾಗ, ಯಾರಿಗೆ ಎನ್ನುವುದನ್ನು ಡಾಕ್ಟರೇ ಹೇಳಬೇಕು. ಸಕ್ಕರೆ ಕಾಯಿಲೆ, ಜ್ವರ, ಗಾಯ ಇದ್ದರೆ ಮುಚ್ಚಿಡದೆ ಹೇಳಿ. ಸೂಜಿ ಕುದಿಸಿದ್ದೀರಾ ಎಂದು ಕೇಳಲು ಸಂಕೋಚ ಬೇಡ, ಕೇಳುವುದು ನಿಮ್ಮ ಹಕ್ಕು. ಒಂದರಿಂದ ನೋವು ತಗ್ಗಿತೆಂದು ಮೂರು ತಿಂಗಳೊಳಗೆ ಇನ್ನೊಂದಕ್ಕೆ ಹೋಗಬೇಡಿ. ಹಾಕಿಸಿಕೊಂಡ ಮೇಲೆ ಮಂಡಿ ಕೆಂಪಾಗಿ ಊದಿ ಜ್ವರ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ನೋವು ತಗ್ಗಿದ ದಿನಗಳನ್ನು ದುಡಿಮೆಗೆ ಸುರಿಯದೆ, ಜಗಲಿಯ ಮೇಲೆ ಕೂತು ಕಾಲೆತ್ತಿ ಹತ್ತು ಎಣಿಸಿ. ಇವತ್ತು ಸಂಜೆಯೇ ಶುರುಮಾಡಿ.

ಇಷ್ಟು ಹೇಳುವಷ್ಟರಲ್ಲಿ ಗೌರಮ್ಮ ಹಬ್ಬಕ್ಕೆಂದು ಸೀತಮ್ಮನವರು ಕೇಳಿದ ಇನ್ನೊಂದು ತಂಬಿಗೆ ಹಾಲನ್ನೂ ಕರೆದು ಮುಗಿಸಿದ್ದಾಳೆ. ಒಂದು ಕೈಯಲ್ಲಿ ತುಂಬಿದ ತಂಬಿಗೆ, ಇನ್ನೊಂದು ಕೈಯಲ್ಲಿ ಅಳತೆಯ ಪಾವು. ಗೇಟು ಹಿಡಿಯಲು ಕೈಯೇ ಖಾಲಿಯಿಲ್ಲ. ಅವಳು ಎದ್ದು ನಿಂತಳು, ಒಂದು ಹನಿಯೂ ಚೆಲ್ಲಲಿಲ್ಲ. ಬೋರಣ್ಣ ಸ್ಟೂಲನ್ನು ಹೆಗಲಿಗೆ ಹಾಕಿಕೊಂಡ. ಕೆಂಪಿ ಯಾರೂ ಹೇಳದೆಯೇ ಮುಂದಿನ ಮನೆಯ ಕಡೆ ಹೊರಟಿತು.